ಅಕ್ಕನ ಮಾತಿಗೆ ಒಂದು ಪದ

"ಟ್ರಸ್ಟಾ, ಬಿಲೀಫಾ?"

ಒಲೆಯ ಮುಂದೆ ನಿಂತು ಅವಳು ಕೇಳಿದ್ದು ಯಾರನ್ನೂ ಅಲ್ಲ. ಬಚ್ಚಲಿನಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಗಂಡ ನಲ್ಲಿ ನಿಲ್ಲಿಸಿ, "ಏನಂದೆ?" ಎಂದ. "ಏನಿಲ್ಲ." "ಟ್ರಸ್ಟು ಅಂದ ಹಾಗಾಯ್ತು. ಬೆಳಬೆಳಗ್ಗೆ ಯಾರು ಬಂದ್ರು ಚಂದಾ ಎತ್ತೋಕೆ?" ಅವನ ನಗು ಬಚ್ಚಲಿನ ಗೋಡೆಗಳಿಗೆ ತಾಗಿ ದೊಡ್ಡದಾಗಿ ಕೇಳಿತು. ದೊಡ್ಡ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸಿ, ಸುರಕ್ಷಿತವಾಗಿದೆ ಎಂದು ಸಹಿ ಹಾಕುವುದು ಅವನ ಕೆಲಸ. ತಾನು ಮಾತ್ರ ಎಲ್ಲ ಕಡೆಯೂ ಮೆಟ್ಟಿಲು ಹತ್ತುತ್ತಾನೆ. ಕೇಳಿದರೆ ಮಂಡಿಗೆ ಒಳ್ಳೆಯದು ಅನ್ನುತ್ತಾನೆ. ಮದುವೆಯಾದ ಹೊಸತರಲ್ಲಿ ಅವಳು ಇದನ್ನು ಎಲ್ಲರಿಗೂ ಹೇಳಿ ನಗಿಸುತ್ತಿದ್ದಳು. ಈಗ ನಗು ಬರುವುದಿಲ್ಲ. ತಾನು ಸಹಿ ಹಾಕಿದ್ದರ ಒಳಗೆ ತಾನೇ ಕಾಲಿಡದ ಮನುಷ್ಯನ ಜೊತೆಗೆ ಇಷ್ಟು ವರ್ಷ ಸಂಸಾರ ಮಾಡಿ ತನಗೂ ಅದೇ ಅಂಟಿಕೊಂಡಿತೇ ಎಂದುಕೊಳ್ಳುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ಬಟ್ಟೆ ಹಿಡಿದು ಒರೆಸುವಾಗಲೂ ತುಟಿ ಆಡುತ್ತಲೇ ಇತ್ತು. ಟ್ರಸ್ಟು, ಬಿಲೀಫು, ಫೇತು, ಕಾನ್ಫಿಡೆನ್ಸು. ಅವಳ ತಾಯಿನುಡಿಯಲ್ಲಿ ವಿಶ್ವಾಸ, ಭರವಸೆ, ಶ್ರದ್ಧೆ ಎಂದು ಬೇಕಾದಷ್ಟಿದ್ದವು. ಆದರೆ ಗಂಟಲು ಕಟ್ಟಿದಾಗ ಯಾರ ಬಾಯಿಗೂ ಅವು ಬರುವುದಿಲ್ಲ, ಬರುವುದು ನಂಬಿಕೆ ಒಂದೇ. ದೇವರಿಗೂ ಅದೇ, ಹಾಲಿನವನಿಗೂ ಅದೇ, ಗಂಡನಿಗೂ ಅದೇ. ಅಕ್ಕನ ಬಾಯಿಗೆ ಬಂದದ್ದೂ ಅದೇ. ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೆ ಒಂದೊಂದು ಕೋಣೆ, ಒಂದೊಂದು ಬಾಗಿಲು. ಯಾವ ಬಾಗಿಲು ತಟ್ಟಬೇಕೆಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ತೀರ್ಮಾನಿಸುವುದಕ್ಕೇ ಅವಳಿಗೆ ಸಂಬಳ.

ಅವಳು ದುಭಾಷಿ. ಆಸ್ಪತ್ರೆಗಳಿಗೆ, ವಿಚಾರಣೆಗಳಿಗೆ, ಇಂಗ್ಲಿಷ್ ಬಾರದವರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿ ಅವಳನ್ನು ಕೂರಿಸುತ್ತಾರೆ. ಕೆಲಸಕ್ಕೆ ಸೇರಿದ ದಿನವೇ ಮೇಲ್ವಿಚಾರಕರು ಕಟ್ಟುನಿಟ್ಟಾಗಿ ಹೇಳಿದ್ದರು: ಅವರು "ನಾನು" ಅಂದರೆ ನೀವೂ "ನಾನು" ಅನ್ನಬೇಕು, "ಅವರು ಹೀಗಂತಾರೆ" ಅನ್ನಕೂಡದು. ಏನನ್ನೂ ಸೇರಿಸಕೂಡದು, ಏನನ್ನೂ ಬಿಡಕೂಡದು. ನಿಮ್ಮನ್ನೇ ಏನಾದರೂ ಕೇಳಿದರೆ ಉತ್ತರಿಸಕೂಡದು, ಆ ಪ್ರಶ್ನೆಯನ್ನೂ ತಿರುಗಿಸಿ ಎದುರಿನವರಿಗೆ ದಾಟಿಸಬೇಕು. ನೀವು ಆ ಕೋಣೆಯಲ್ಲಿ ಇಲ್ಲ ಎಂದೇ ತಿಳಿದುಕೊಳ್ಳಿ. ಆ ಮಾತು ಕೇಳಿದಾಗ ಅವಳಿಗೆ ಅಪ್ಪನ ನೆನಪಾಗಿ ಕಣ್ಣು ತುಂಬಿಬಂದಿತ್ತು. ಅಪ್ಪ ಸಂಜೆ ಹೊತ್ತು ಪಡಸಾಲೆಯಲ್ಲಿ ಕೂತು ಹಳೆಯ ಪದ್ಯಗಳನ್ನು ಬಾಯಿಪಾಠವಾಗಿ ವಾಚಿಸುತ್ತಿದ್ದರು. ಅಕ್ಕಪಕ್ಕದವರು ಬಂದು ಗೋಡೆಗೊರಗಿ ಕೇಳುತ್ತಿದ್ದರು. ವಾಚಿಸುವವನು ನಲ್ಲಿ ಇದ್ದ ಹಾಗೆ, ನೀರು ನನ್ನದು ಅನ್ನಬಾರದು ಎನ್ನುತ್ತಿದ್ದರು ಅಪ್ಪ. ಒಂದೊಂದು ಪದ್ಯ ಮುಗಿದಾಗಲೂ ತಡೆದು ನಿಲ್ಲುತ್ತಿದ್ದರು, ಕೇಳುವವರಲ್ಲಿ ಒಬ್ಬರಾದರೂ "ಹೂಂ" ಅನ್ನದೆ ಮುಂದಿನದನ್ನು ಎತ್ತಿಕೊಳ್ಳುತ್ತಿರಲಿಲ್ಲ. ಹೂಂ ಅನ್ನುತ್ತಿದ್ದವಳು ಅಕ್ಕ. ಮೊರದಲ್ಲಿ ಕಾಳು ಆರಿಸುತ್ತ, ಕಣ್ಣು ಕಾಳಿನಲ್ಲಿ, ಕಿವಿ ಅಪ್ಪನಲ್ಲಿ. ಯಾರೋ ಯಾರಿಗೋ ಕಾಯುತ್ತ ಕೂತ ಭಾಗ ಬಂದರೆ ಅವಳ ಬೆರಳುಗಳು ಕಾಳಿನ ಮೇಲೆ ನಿಂತುಬಿಡುತ್ತಿದ್ದವು. ತಾನೋ ಪಕ್ಕದಲ್ಲಿ ಕೂತು ಅಪ್ಪ ಅಂದದ್ದನ್ನೆಲ್ಲ ಒಂದಕ್ಷರ ಬಿಡದೆ ತಿರುಗಿ ಅನ್ನುತ್ತಿದ್ದಳು, ಅರ್ಥ ಆಗಲಿ ಬಿಡಲಿ. ಅದಕ್ಕೇ ಅಪ್ಪ ಗಿಣಿ ಎಂದು ಕರೆದರು. ಈಗ ಆ ಹೆಸರಿನಿಂದ ಕರೆಯುವವಳು ಲೋಕದಲ್ಲಿ ಅಕ್ಕ ಒಬ್ಬಳೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಎಂದಿನಂತೆ ಕಣ್ಣು ಮುಚ್ಚಿ, ದೇವರೇ, ನನ್ನ ನಾಲಿಗೆ ನೇರವಾಗಿರಲಿ, ಎಂದುಕೊಂಡಳು. ಕೆಲಸಕ್ಕೆ ಹೊರಟಾಗಲೆಲ್ಲ ಹೀಗೆ ಬೇಡಿಕೊಳ್ಳುವುದು ರೂಢಿ. ಅಕ್ಕನ ವಿಚಾರಣೆಯ ದಿನವೂ ಬೇಡಿಕೊಂಡಿದ್ದಳು. ಬೇಡಿಕೊಂಡೇ ಆ ಕೋಣೆಗೆ ಹೋಗಿದ್ದಳು: ಉದ್ದನೆಯ ಮೇಜು, ಕಾಗದ ಮುಚ್ಚಿದ ನೀರಿನ ಜಗ್ಗು, ಸರಪಳಿ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗಾಡುವ ಅಧ್ಯಕ್ಷೆ, ಅವರ ಎರಡೂ ಕಡೆ ಆಕಳಿಕೆ ನುಂಗುವ ಸದಸ್ಯರು. ಎದುರಿನ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸೀರೆಯಲ್ಲಿ, ಶಾಲೆಗೆ ತಡವಾಗಿ ಬಂದ ಹುಡುಗಿಯ ಹಾಗೆ ಕೈ ಕಟ್ಟಿಕೊಂಡು ಅಕ್ಕ. ಅಕ್ಕ ವೃದ್ಧಾಶ್ರಮದಲ್ಲಿ ಆಯಾ. ವಯಸ್ಸಾದವರಿಗೆ ಮೀಯಿಸುವುದು, ಉಣಿಸುವುದು, ಬೆಡ್‌ಪ್ಯಾನ್ ತೊಳೆಯುವುದು. ಅಲ್ಲಿದ್ದವರಲ್ಲಿ ಒಬ್ಬ ಮುದುಕ, ಗಡಿಯಾರ ರಿಪೇರಿಯ ಅಂಗಡಿ ಇಟ್ಟಿದ್ದವನು, ಎಲ್ಲರ ಬಾಯಲ್ಲೂ ಗಡಿಯಾರದ ತಾತ. ಒಂದು ಸಂಜೆ ಅಂಗಳದ ಬಾಗಿಲಿನಿಂದ ಹೊರಗೆ ಹೋದವನು ಬಸ್ ನಿಲ್ದಾಣದ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಆಸ್ಪತ್ರೆಗೆ ಸೇರಿದವನು ತಿರುಗಿ ಬರಲಿಲ್ಲ. ಬಾಗಿಲಿಗೆ ಚಿಲಕ ಹಾಕುವ ಜವಾಬ್ದಾರಿ ಅಕ್ಕನದು.

ಸಂಬಂಧಿಕರಿಗೆ ದುಭಾಷಿಯಾಗಿ ಕೂರಕೂಡದು ಎಂದೇನೂ ಇರಲಿಲ್ಲ. ಮೊದಲೇ ಹೇಳಬೇಕು, ಆ ಸಂಬಂಧಿಕರು ಎಲ್ಲರೆದುರು ಹೂಂ ಅನ್ನಬೇಕು, ಅಷ್ಟೇ. ಅವಳು ಹೇಳಿರಲಿಲ್ಲ. ವಿಚಾರಣೆಗೆ ಮುಂಚೆ ಕಾರಿಡಾರಿನಲ್ಲಿ ಅಕ್ಕ ಅವಳ ಕೈ ಹಿಡಿದು, "ಸದ್ಯ, ನೀನೇ ಬಂದೆಯಲ್ಲ. ಬೇರೆಯವರ ಬಾಯಲ್ಲಿ ನನ್ನ ಮಾತು ಹೆಂಗಿರುತ್ತೋ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ ಗಿಣಿ" ಎಂದಿದ್ದಳು. ಅಷ್ಟರಲ್ಲಿ ಆಫೀಸಿನ ಟೈಪಿಸ್ಟು, ಎತ್ತರದ ಹಿಮ್ಮಡಿಯ ಚಪ್ಪಲಿಯವಳು, ಅತ್ತಲಿಂದ ಬಂದಳು. ಇವಳ ಕೈ ತಾನಾಗಿ ಅಕ್ಕನ ಕೈಯಿಂದ ಜಾರಿ ಚೀಲದ ಜಿಪ್ಪು ಎಳೆಯತೊಡಗಿತು. ಆ ಒಂದು ಚಲನೆಯನ್ನು ಅವಳು ಈಗಲೂ ನೋಡಬಲ್ಲಳು, ಬೇರೆ ಯಾರದೋ ಕೈ ಎಂಬಂತೆ. ಆಫೀಸಿನಲ್ಲಿ ಎಲ್ಲರಿಗೂ ಅವಳು ವಾಚಕರ ಮಗಳು, ಇಂಗ್ಲಿಷನ್ನು ಅರೆದು ಕುಡಿದವಳು. ಆಯಾಳ ತಂಗಿ ಎಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಸಂದರ್ಭವನ್ನು ಅವಳೂ ಮಾಡಿಕೊಟ್ಟಿರಲಿಲ್ಲ. ಟೈಪಿಸ್ಟು ದಾಟಿಹೋದ ಮೇಲೆ ಅಕ್ಕ ಏನೂ ಆಗದವಳಂತೆ ತನ್ನ ಸೀರೆಯ ನೆರಿಗೆ ಸರಿಮಾಡಿಕೊಂಡು, "ಹೇಳೋದು ಬೇಡ ಅಂದ್ರೆ ಬೇಡ ಬಿಡು. ನಾನೂ ಅಮ್ಮಾವ್ರೇ ಅಂತೀನಿ" ಎಂದು ನಕ್ಕಿದ್ದಳು.

ಕಣ್ಣಾಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮೇಲ್ವಿಚಾರಕರ ಫೋನು ಬಂತು. "ನಾಳೆ ಆ ವೃದ್ಧಾಶ್ರಮದ ಮೇಲ್ಮನವಿ ಇದೆ. ಹೋದ ಸಲ ನೀವೇ ಕೂತಿದ್ದು. ಈ ಸಲವೂ ನಿಮ್ಮನ್ನೇ ಹಾಕ್ಲಾ? ಅದೇ ದುಭಾಷಿ ಮತ್ತೆ ಕೂರೋದಕ್ಕೆ ಆ ಹೆಂಗಸು ಒಪ್ಪಬೇಕಂತೆ, ಸಂಜೆಯೊಳಗೆ ಕೇಳಿ ತಿಳಿಸ್ತೀರಾ?" "ಕೇಳ್ತೀನಿ ಸರ್." "ಪಾಪ ಕಣ್ರೀ. ನಾಳೆನೂ ತಲೆ ಮೇಲೆ ಕಲ್ಲು ಬಿದ್ರೆ ಇನ್ನು ಯಾವ ಆಶ್ರಮದಲ್ಲೂ ಆಕೇನ ಬಾಗಿಲ ಹತ್ರಾನೂ ಸೇರಿಸಲ್ಲ. ಅಷ್ಟು ವರ್ಷದ ಸೇವೆ. ಅದೇನು ಅಂದಳಂತೆ, ಬರ್ತಾನೆ ಅಂದ್ಕೊಂಡಿದ್ದೆ ಅಂತ? ಹಂಗನ್ನಬಾರದಿತ್ತು ಆಕೆ." ಅವಳು ಮೆಟ್ಟಿಲಿನ ಕಟಕಟೆ ಹಿಡಿದುಕೊಂಡಳು. ಆಕೆ ಹಾಗೆ ಅನ್ನಲಿಲ್ಲ ಸರ್, ಅಂದದ್ದು ನಾನು. ಈ ಮಾತು ಗಂಟಲವರೆಗೆ ಬಂದು, ಅಲ್ಲಿ ಒಂದು ಕ್ಷಣ ಕೂತು, ಬಂದ ದಾರಿಯಲ್ಲೇ ಹಿಂದಿರುಗಿತು. "ಹೌದು ಸರ್" ಎಂದಳು.

ಅಧ್ಯಕ್ಷೆ ಕೇಳಿದ್ದು ಸರಳವಾದ ಪ್ರಶ್ನೆ. ಆ ಸಂಜೆ ಅಂಗಳದ ಬಾಗಿಲಿಗೆ ಚಿಲಕ ಏಕೆ ಹಾಕಿರಲಿಲ್ಲ? ಅವಳು ಅದನ್ನು ಅಕ್ಕನಿಗೆ ದಾಟಿಸಿದಳು. ಅಕ್ಕ ತಡಮಾಡದೆ, "ತಾತನ ಮೇಲೆ ನಂಗೆ ನಂಬಿಕೆ ಇತ್ತು" ಎಂದಳು. ಅಷ್ಟೇ. ಮುಂದೆ ಏನೂ ಸೇರಿಸದೆ, ಪದ್ಯ ಮುಗಿಸಿ ತಡೆದು ನಿಂತ ಅಪ್ಪನ ಹಾಗೆ ಅವಳ ಮುಖ ನೋಡಿದಳು. ಆ ಒಂದು ಉಸಿರಿನಲ್ಲಿ ನಾಲ್ಕು ಪದಗಳೂ ಬಂದು ಸಾಲಾಗಿ ನಿಂತವು. ಫೇತನ್ನು ಅವಳು ದೇವರಿಗೆ ಬಿಟ್ಟಳು; ಸೊಂಟ ಮುರಿದ ಮುದುಕನಿಗೆ ಅದನ್ನು ಹೊದಿಸಿದರೆ ಸದಸ್ಯರು ನಕ್ಕಾರು. ಕಾನ್ಫಿಡೆನ್ಸು ಕೋಟು ಹಾಕಿಕೊಂಡ ಪದ, ಆಯಾಳ ಬಾಯಲ್ಲಿ ಎರವಲು ತಂದಂತೆ ಕೇಳುತ್ತದೆ. ಉಳಿದದ್ದು ಎರಡು. ಟ್ರಸ್ಟ್ ಅಂದರೆ ಚಿಲಕ ತೆಗೆದದ್ದು ಬೇಕೆಂದೇ, ತಿಳಿದೇ, ಆ ಮನುಷ್ಯನ ಕೈಗೆ ಬಾಗಿಲನ್ನು ಕೊಟ್ಟೇ. ಬಿಲೀವ್ ಅಂದರೆ ಅವನು ತಿರುಗಿ ಬರುತ್ತಾನೆಂದು ಅಂದುಕೊಂಡಿದ್ದೆ, ಬರಲಿಲ್ಲ. ಅಂದುಕೊಂಡದ್ದು ತಪ್ಪಾಯಿತು, ಯಾರಿಗಾದರೂ ಆಗುವಂಥದ್ದು. ಎರಡನೆಯದು ಮೆತ್ತಗಿದೆ, ಅಕ್ಕ ಬಿದ್ದರೂ ಪೆಟ್ಟಾಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಐ ಬಿಲೀವ್ಡ್ ಹಿ ವುಡ್ ಕಮ್ ಬ್ಯಾಕ್ ಎಂದಳು. ಅಕ್ಕನ ಮೂರು ಅಕ್ಷರದ ನಂಬಿಕೆ ಅವಳ ಬಾಯಿಂದ ಹೊರಬಂದಾಗ ಒಂದು ಅಂದಾಜಾಗಿತ್ತು. ಅಧ್ಯಕ್ಷೆ ಕನ್ನಡಕ ಮೂಗಿಗೇರಿಸಿ ಬರೆದುಕೊಂಡರು. ಕೇವಲ ತನ್ನ ಅನಿಸಿಕೆಯನ್ನು ನೆಚ್ಚಿ ಚಿಲಕ ಹಾಕದೆ ಬಿಟ್ಟದ್ದು ಬೇಜವಾಬ್ದಾರಿ ಎಂದು ತೀರ್ಪಿನಲ್ಲಿ ಬಂದದ್ದು ಆಮೇಲೆ.

ಉಳಿಸಲೆಂದೇ ಹಾಗೆ ಅಂದೆ ಎಂದು ಅವಳು ಈ ದಿನಗಳಲ್ಲಿ ದೇವರ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ದೇವರು ಕೇಳಿಸಿಕೊಂಡು ಸುಮ್ಮನಿದ್ದಾನೆ. ಅವನು ಹೂಂ ಅಂದಿದ್ದು ಅವಳಿಗೆ ಒಮ್ಮೆಯೂ ಕೇಳಿಲ್ಲ. ಅದರ ಅಡಿಯಲ್ಲಿ ಇನ್ನೊಂದಿತ್ತು. ಅಕ್ಕ ಸುಳ್ಳು ಹೇಳುತ್ತಿದ್ದಾಳೆ ಎಂದು ಆ ಗಳಿಗೆಯಲ್ಲಿ ಅವಳಿಗೆ ಖಚಿತವಾಗಿತ್ತು. ಚಿಲಕ ಹಾಕುವುದನ್ನು ಮರೆತಿದ್ದಾಳೆ, ಇಲ್ಲವೇ ಮರೆತ ಬೇರೆ ಯಾವಳನ್ನೋ ಉಳಿಸುತ್ತಿದ್ದಾಳೆ. ಯಾಕೆಂದರೆ ಅಕ್ಕ ಸುಳ್ಳು ಹೇಳುವುದರಲ್ಲಿ ಪಳಗಿದ ಕೈ. ಚಿಕ್ಕಂದಿನಲ್ಲಿ ಅಪ್ಪನ ಕನ್ನಡಕ ಕಾಲಡಿ ಸಿಕ್ಕಿ ಒಡೆದಾಗ, ಅಪ್ಪ ಆ ಸಂಜೆ ವಾಚಿಸಲು ಕೂರದೆ ಗೋಡೆ ನೋಡುತ್ತ ಕೂತಾಗ, "ನಾನೇ ತುಳಿದೆ ಅಪ್ಪಾ, ಕತ್ತಲಲ್ಲಿ ಕಾಣಲಿಲ್ಲ" ಎಂದವಳು ಅಕ್ಕ. ಕಣ್ಣು ಕೂಡ ಮಿಟುಕಿಸಿರಲಿಲ್ಲ. ತುಳಿದವಳು ಮೂಲೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು. ಬಾಯಿಪಾಠ ಬರುವವರಿಗೆ ಕನ್ನಡಕ ಯಾಕೆ ಬೇಕು ಎಂದು ಅಕ್ಕ ಆಮೇಲೆ ಕಿವಿಯಲ್ಲಿ ಪಿಸುಗುಟ್ಟಿ ನಗಿಸಿದ್ದಳು. ಎಷ್ಟೋ ಪೆಟ್ಟು, ಎಷ್ಟೋ ಬೈಗುಳ ಹಾಗೆ ಅಕ್ಕನ ಬೆನ್ನಿಗೆ ಹೋಗಿ ತನಗೆ ತಪ್ಪಿದವು. ತಂಗಿಗಾಗಿ ಅಷ್ಟು ಚೆನ್ನಾಗಿ ಸುಳ್ಳು ಹೇಳಿದವಳು ತನಗಾಗಿ ನಿಜ ಹೇಳಲಾರಳು ಎಂದು ತಂಗಿಯೇ ಲೆಕ್ಕ ಹಾಕಿದಳು. ಅದಕ್ಕೆ ಮರೆತಿದ್ದರೂ ಒಗ್ಗುವ, ಮರೆಯದಿದ್ದರೂ ಒಗ್ಗುವ ಪದವನ್ನು ಹುಡುಕಿ ತೆಗೆದಳು.

"ಟ್ರಸ್ಟ್ ಮಿ" ಎಂದರು ಕಣ್ಣಿನ ಡಾಕ್ಟರು. ಅವಳು ಬೆಚ್ಚಿದಳು. ಎದುರು ಕುರ್ಚಿಯಲ್ಲಿ ಪೊರೆ ಬಂದ ಕಣ್ಣಿನ ಒಬ್ಬ ಅಜ್ಜಿ, ಮಡಿಲಲ್ಲಿ ಬಟ್ಟೆಚೀಲ ಅವುಚಿಕೊಂಡು, ಡಾಕ್ಟರರನ್ನು ಬಿಟ್ಟು ಅವಳ ಕಡೆಗೇ ಮುಖ ಮಾಡಿ ಕೂತಿದ್ದಳು. "ಏನಂತಮ್ಮಾ ಡಾಕ್ಟರು?" "ನನ್ನನ್ನ ನಂಬಿ" ಎಂದಳು ಅವಳು. ನಾನು ಎಂದೇ ಹೇಳಬೇಕಲ್ಲ. "ನಿನ್ನ ನಂಬೋದಕ್ಕೇನಮ್ಮ, ನೀನು ಲಕ್ಷಣವಾಗಿದ್ದೀಯ. ಚಾಕು ಹಿಡಿಯೋನು ಅವನಲ್ವಾ?" ಇದನ್ನೂ ಅವಳು ಅಕ್ಷರ ಬಿಡದೆ ಇಂಗ್ಲಿಷಿಗೆ ದಾಟಿಸಿದಳು, ಡಾಕ್ಟರು ಗೊಳ್ಳೆಂದು ನಕ್ಕು ಅಜ್ಜಿಯ ಭುಜ ತಟ್ಟಿದರು. ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅಗಲವಾಗುವವರೆಗೆ ಹೊರಗೆ ಕೂರಿ ಎಂದರು. ಬೆಂಚಿನ ಮೇಲೆ ಅಜ್ಜಿ ಕಣ್ಣು ಮುಚ್ಚಿಕೊಂಡು ಅವಳ ಮೊಣಕೈ ಹಿಡಿದು ಕೂತಳು. ವಯಸ್ಸಾದವರ ಬೆರಳಿನ ಆ ತಣ್ಣನೆಯ ಹಿಡಿತ. "ಬಿಡಬೇಡ್ವೇ, ಕತ್ತಲಾಗಿದೆ." "ಇಲ್ಲ ಅಜ್ಜಿ, ಇಲ್ಲೇ ಇದ್ದೀನಿ." "ನಮ್ಮ ಆಶ್ರಮದಲ್ಲಿ ಒಬ್ಬಳು ಆಯಾ ಇದ್ದಳು, ಅವಳಾಗಿದ್ರೆ ನನ್ನ ಜೊತೆ ಬರ್ತಿದ್ದಳು. ಕೆಲಸದಿಂದ ತೆಗೆದ್ರು. ಮುಂಡೇವು." ಅವಳ ಮೊಣಕೈ ಅಜ್ಜಿಯ ಹಿಡಿತದಲ್ಲಿ ಬಿಗಿಯಾಯಿತು. ಅಜ್ಜಿಗೆ ಅದು ತಿಳಿಯಲಿಲ್ಲ. "ಯಾಕೆ ಅಜ್ಜಿ?" ಎಂದು ಕೇಳಿದ ದನಿ ಯಾರೋ ತೀರ ಅಪರಿಚಿತಳದು.

"ಗಡಿಯಾರದ ಮುದುಕ ಒಬ್ಬ ಇದ್ದ. ಚಿಲಕ ಹಾಕಿದ ಸದ್ದು ಕೇಳಿದ್ರೆ ಊಟ ಬಿಡ್ತಿದ್ದ. ನಾನೇನು ಕಳ್ಳನಾ, ನನ್ನ ಯಾಕೆ ಕೂಡಿಹಾಕ್ತೀರಿ ಅಂತ ಮಗೂ ಥರ ಅಳ್ತಿದ್ದ. ಇವಳು ಬಂದ ಮೇಲೆ ದಿನಾ ಸಂಜೆ ಚಿಲಕ ತೆಗೆದು, ಹೋಗ್ಬಾ ತಾತ, ಊಟದ ಗಂಟೆಗೆ ಬಾ ಅಂತಿದ್ದಳು. ಹೋಗೋನು, ಬಸ್ ಸ್ಟಾಂಡಲ್ಲಿ ಕೂತು ಹೋಗೋ ಬರೋ ಜನ ನೋಡೋನು, ಗಂಟೆ ಹೊಡೆಯೋಕೆ ಮುಂಚೆ ಹಾಜರು. ಎಷ್ಟು ವರ್ಷ! ನಾವೆಲ್ಲ ಕಿಟಕೀಲಿ ನೋಡ್ತಿದ್ವಿ. ಅವನು ಗೇಟು ದಾಟೋವಾಗ ನೋಡಬೇಕಿತ್ತು ನೀನು, ಅಂಗಡಿ ಬಾಗಿಲು ತೆಗೆಯೋಕೆ ಹೊರಟವನ ಹಾಗೆ ಎದೆ ಎತ್ತಿ ನಡೀತಿದ್ದ."

"ವಿಚಾರಣೆಯಲ್ಲಿ ನೀವು ಇದನ್ನ ಹೇಳಲಿಲ್ವಾ?"

"ನಮ್ಮನ್ನ ಯಾರು ಕೇಳ್ತಾರೆ ತಾಯಿ? ವಯಸ್ಸಾದ ಮೇಲೆ ನಾವು ಹೇಳೋದೆಲ್ಲ ಮರೆವು." ಅಜ್ಜಿ ಕಣ್ಣು ತೆರೆದಳು, ಪಾಪೆಗಳು ಅಗಲವಾಗಿ, ಕಪ್ಪಾಗಿ, ಏನನ್ನೂ ಹಿಡಿಯದೆ ಅವಳ ಮುಖದ ಮೇಲೆ ನೆಟ್ಟಿದ್ದವು.

ಮಧ್ಯಾಹ್ನದ ಊಟದ ಡಬ್ಬಿ ತೆರೆಯಲಾಗಲಿಲ್ಲ. ಕೈ ತೊಳೆಯುವಲ್ಲಿ, ನಲ್ಲಿಯ ನೀರಿನ ಕೆಳಗೆ ಬೆರಳು ಹಿಡಿದು, ಅವಳು ಆವತ್ತಿನ ಉಳಿದ ಭಾಗವನ್ನು ಮತ್ತೆ ಕೇಳಿಸಿಕೊಂಡಳು. ಪದವೊಂದನ್ನು ತಪ್ಪು ಆರಿಸಿದ್ದಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅಧ್ಯಕ್ಷೆ ಬರೆದುಕೊಳ್ಳುವಾಗ ಅವರ ತುಟಿ ಒಂದು ಕಡೆಗೆ ವಾಲಿದ್ದನ್ನು ಅಕ್ಕ ನೋಡಿದಳು. ಭಾಷೆ ಬಾರದವರು ಮುಖವನ್ನು ಚೆನ್ನಾಗಿ ಓದುತ್ತಾರೆ. ಕೋಣೆಯಲ್ಲಿ ಯಾರೂ ತನ್ನನ್ನು ನಂಬಿಲ್ಲವೆಂದು ಅವಳಿಗೆ ಗೊತ್ತಾಗಿಹೋಯಿತು. ಆಗ ಕಟ್ಟಿದ ಕೈ ಬಿಚ್ಚಿ, ಅಮ್ಮಾವ್ರೇ ಅನ್ನುವುದನ್ನು ಮರೆತು, ಇವಳ ಕಡೆ ತಿರುಗಿ, "ನೀನಾದ್ರೂ ನನ್ನ ನಂಬ್ತೀಯಲ್ಲ ಗಿಣಿ?" ಎಂದಳು. ಕೋಣೆಯಲ್ಲಿ ಕನ್ನಡ ಬಲ್ಲವರು ಅವರಿಬ್ಬರೇ. ಹೂಂ ಅನ್ನಬಹುದಿತ್ತು, ಕೆಮ್ಮಿನಂತೆ, ಉಸಿರಿನಂತೆ, ಯಾರಿಗೂ ತಿಳಿಯದಂತೆ. ಆದರೆ ಮೂವರೂ ಅವಳ ಬಾಯನ್ನೇ ನೋಡುತ್ತಿದ್ದರು, ಏನಂದಳು ಎಂದು. ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷ ಪಳಗಿದ ನಾಲಿಗೆ ತಾನಾಗಿ ತಿರುಗಿತು. ಡು ಯು, ಅಟ್ ಲೀಸ್ಟ್, ಬಿಲೀವ್ ಮಿ? ಎಂದು ಅಧ್ಯಕ್ಷೆಯ ಕಡೆ ನೋಡಿ ಕೇಳಿದಳು. ಗಿಣಿಯನ್ನು ಮಾತ್ರ ಬಿಟ್ಟಳು. ಇಡೀ ಕೆಲಸದಲ್ಲಿ ಅವಳು ಬೇಕೆಂದು ಬಿಟ್ಟ ಒಂದೇ ಪದ ಅದು, ತನ್ನ ಹೆಸರು. ಅಧ್ಯಕ್ಷೆ ಕನ್ನಡಕ ತೆಗೆದು, ನಾನು ನಂಬುವುದು ಬಿಡುವುದು ಇಲ್ಲಿ ವಿಷಯವೇ ಅಲ್ಲ ಎಂದರು, ಒರಟಾಗಿಯೇನೂ ಅಲ್ಲ. ಅದನ್ನೂ ದಾಟಿಸಬೇಕಲ್ಲ. ನಾನು ಅಂದರೆ ನಾನು ಅನ್ನಬೇಕಲ್ಲ. ಅವಳು ಅಕ್ಕನ ಕಡೆ ತಿರುಗಿ, ಸ್ಪಷ್ಟವಾದ ಕನ್ನಡದಲ್ಲಿ, ಅಪ್ಪ ಕಲಿಸಿದ ಉಚ್ಚಾರದಲ್ಲಿ ಹೇಳಿದಳು: "ನಾನು ನಂಬೋದು ಬಿಡೋದು ಇಲ್ಲಿ ವಿಷಯವೇ ಅಲ್ಲ."

ಅಕ್ಕ ಹೂಂ ಎಂದಳು. ಅಭ್ಯಾಸಬಲ.

ಅಕ್ಕನ ಮನೆ ಲಾಂಡ್ರಿಯೊಂದರ ಮೇಲಿನ ಒಂಟಿ ಕೋಣೆ. ಮೆಟ್ಟಿಲುದ್ದಕ್ಕೂ ಸೋಪಿನ ಹಬೆಯ ವಾಸನೆ. ಕೆಲಸ ಹೋದ ಮೇಲೆ ಲಾಂಡ್ರಿಯವನು ಹೋಟೆಲುಗಳ ಚಾದರಗಳನ್ನು ಮಡಚಲು ಅವಳಿಗೆ ಕೊಡುತ್ತಾನೆ. ಇವಳು ಬಾಗಿಲ ಮುಂದೆ ನಿಂತು, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಮತ್ತೊಮ್ಮೆ ತುಟಿಯಲ್ಲೇ ಆಡಿಕೊಂಡಳು. ಮೊದಲು ಕ್ಷಮೆ, ಆಮೇಲೆ ಪದ, ಆಮೇಲೆ ನಾಳೆ. ಒಳಗಿನಿಂದ, "ಯಾರದು, ಬಾಗಿಲ ಹತ್ರ ಮಂತ್ರ ಹೇಳ್ತಿರೋದು? ತೆಗೆದೇ ಇದೆ, ಬಾ" ಎಂದು ಕೇಳಿತು. ಚಾದರಗಳ ಬಿಳಿಯ ಗುಡ್ಡದ ನಡುವೆ ಅಕ್ಕ ಕೂತಿದ್ದಳು. ಇವಳನ್ನು ನೋಡಿ ಮುಖ ಅರಳಿತು, ಆಮೇಲೆ ಏನೋ ನೆನಪಾದಂತೆ ಆ ಅರಳಿದ್ದು ಅರ್ಧಕ್ಕೆ ನಿಂತಿತು. "ಸರಿಯಾದ ಹೊತ್ತಿಗೆ ಬಂದೆ ಗಿಣಿ. ಒಬ್ಬಳೇ ಇದನ್ನ ಹಿಡಿದು ಹಿಡಿದು ನನ್ನ ತೋಳು ಬಿದ್ದುಹೋಗಿದೆ. ಚೀಲ ಅಲ್ಲಿಡು, ಆ ತುದಿ ಹಿಡಿ."

ಅವಳು ತುದಿ ಹಿಡಿದಳು. ಇಬ್ಬರೂ ಚಾದರವನ್ನು ಎಳೆದು ಬಿಗಿಮಾಡಿದರು, ಕೊಡವಿದರು, ಅಂಚಿಗೆ ಅಂಚು ಕೂಡಿಸಿ ಒಬ್ಬರ ಕಡೆಗೊಬ್ಬರು ನಡೆದು ಬಂದರು. ಬೆರಳು ತಾಗಿದಾಗ ಅಕ್ಕ ಅವಳ ಕೈಯಿಂದ ತುದಿ ಇಸಿದುಕೊಂಡಳು. ಮತ್ತೆ ದೂರ ಹೋದರು. ಮಾತು ತೆಗೆಯಲು ಇವಳಿಗೆ ಮೂರನೆಯ ಚಾದರದವರೆಗೆ ಆಗಲಿಲ್ಲ.

"ಅಕ್ಕ, ಆವತ್ತು ನಾನು ತಪ್ಪು ಪದ ಹೇಳಿದೆ."

"ಯಾವತ್ತು?" ಎಂದಳು ಅಕ್ಕ, ಗೊತ್ತಿದ್ದೂ.

"ನೀನು ನಂಬಿಕೆ ಅಂದೆಯಲ್ಲ. ನಾನು ಬಿಲೀವ್ ಅಂದೆ. ಟ್ರಸ್ಟ್ ಅನ್ನಬೇಕಿತ್ತು."

"ಎರಡೂ ಒಂದೇ ಅಲ್ವಾ? ಬಿಗಿಯಾಗಿ ಹಿಡಿ, ಸುಕ್ಕು ಬರುತ್ತೆ."

"ಒಂದೇ ಅಲ್ಲ. ಬಿಲೀವ್ ಅಂದ್ರೆ ಒಂದು ವಿಷಯ ನಿಜ ಅಂತ ಒಪ್ಕೊಳ್ಳೋದು. ಏನೋ ನೋಡಿ, ಯಾರೋ ಹೇಳಿ, ಇರಬಹುದು ಅಂದ್ಕೊಳ್ಳೋದು. ಟ್ರಸ್ಟ್ ಹಂಗಲ್ಲ. ಅದು ಮನುಷ್ಯರ ಮೇಲೆ. ಗೊತ್ತಾಗೋಕೆ ಮುಂಚೆಯೇ ಕೊಟ್ಟುಬಿಡೋದು."

"ಓಹೋ." ಅಕ್ಕ ನಿಜವಾಗಿಯೂ ಯೋಚಿಸಿದಳು, ಅವಳಿಗೆ ಇಂಥವು ಮೊದಲಿನಿಂದಲೂ ಇಷ್ಟ. "ಎರಡೇನಾ ಇರೋದು?"

"ಇನ್ನೂ ಇದೆ. ಫೇತ್ ಅಂತ, ದೇವರಿಗೆ."

"ಅವನಿಗೆ ಯಾಕೆ ಬೇರೆ? ಪಾಪ, ಒಂಟಿ ಮಾಡಿ ಕೂರಿಸಿದ್ದಾರೆ."

"ಕಾನ್ಫಿಡೆನ್ಸ್ ಅಂತ ಇನ್ನೊಂದು. ಅದು ಆಫೀಸಿನೋರಿಗೆ."

"ಅದು ಬೇಡ ನಂಗೆ." ಅಕ್ಕ ನಕ್ಕಳು. ಇವಳೂ ನಕ್ಕಳು. ಮೊರ, ಕಾಳು, ಪಡಸಾಲೆಯ ಸಂಜೆ ಎಲ್ಲ ಒಂದು ಕ್ಷಣ ಆ ಹಬೆಯ ವಾಸನೆಯಲ್ಲಿ ಬಂದುಹೋದವು. ಇಷ್ಟು ಸುಲಭವೇ, ಇಷ್ಟಕ್ಕೆ ಇಷ್ಟು ದಿನ ಹೆದರಿದೆನೇ ಎನ್ನಿಸಿತು. ಆಗ ಅಕ್ಕ ಚಾದರದ ಅಂಚನ್ನು ಎರಡು ಬೆರಳಲ್ಲಿ ಎಳೆದು ನೇರ ಮಾಡುತ್ತ, ಅದನ್ನೇ ನೋಡುತ್ತ ಕೇಳಿದಳು.

"ಹಂಗಿದ್ರೆ ಆವತ್ತು ಯಾಕೆ ಅದನ್ನ ಹೇಳಲಿಲ್ಲ?"

"ನಿನ್ನ ಉಳಿಸೋಕೆ." ಅಕ್ಕ ಅಂಚನ್ನು ಬಿಡದೆ ಹಿಡಿದು ನಿಂತಳು. ಪದ್ಯ ಇನ್ನೂ ಮುಗಿದಿಲ್ಲ ಎಂದು ಗೊತ್ತಿರುವವರು ಕಾಯುವಂತೆ. "ಮತ್ತೆ... ನೀನು ಚಿಲಕ ಮರೆತಿದ್ದೀಯ ಅಂದ್ಕೊಂಡೆ. ಇಲ್ಲಾ ಯಾರನ್ನೋ ಉಳಿಸ್ತಿದ್ದೀಯ ಅಂತ. ಕನ್ನಡಕದ ಸಲ ಮಾಡಿದ ಹಾಗೆ."

"ಈಗ?"

"ಈಗ ನಂಬ್ತೀನಿ ಅಕ್ಕ. ಪೂರ್ತಿ ನಂಬ್ತೀನಿ."

"ಈಗ ಯಾಕೆ?"

ಉತ್ತರ ಯೋಚನೆಗಿಂತ ಮೊದಲು ಬಾಯಿಗೆ ಬಂತು. ಕೇಳಿದ್ದನ್ನು ಕೇಳಿದ ಹಾಗೇ ಹೇಳುವ ನಾಲಿಗೆ. "ಇವತ್ತು ಕಣ್ಣಾಸ್ಪತ್ರೆಯಲ್ಲಿ ನಿಮ್ಮ ಆಶ್ರಮದ ಅಜ್ಜಿ ಒಬ್ರು ಸಿಕ್ಕಿದ್ರು. ನೀನು ದಿನಾ ಬಾಗಿಲು ತೆಗೀತಿದ್ದೆ, ತಾತ ದಿನಾ ವಾಪಸು ಬರ್ತಿದ್ರು ಅಂತ ಹೇಳಿದ್ರು."

"ಓ," ಎಂದಳು ಅಕ್ಕ. "ಅಜ್ಜಿ ಹೇಳಿದ್ರು."

ಕೆಳಗೆ ಲಾಂಡ್ರಿಯ ಯಂತ್ರವೊಂದು ತಿರುಗುವುದನ್ನು ನಿಲ್ಲಿಸಿತು. ತಾನು ಈಗಷ್ಟೇ ವಿವರಿಸಿದ ಎರಡು ಪದಗಳಲ್ಲಿ ಅಕ್ಕನಿಗೆ ಕೊಡಲು ತಾನು ತಂದದ್ದು ಯಾವುದೆಂದು ಅವಳಿಗೆ ಹೊಳೆಯಲು ಚಾದರವನ್ನು ಇನ್ನೊಮ್ಮೆ ಮಡಚುವಷ್ಟು ಹೊತ್ತು ಹಿಡಿಯಿತು. ಇಬ್ಬರೂ ಅಂಚು ಹಿಡಿದು ಹತ್ತಿರ ಬಂದಿದ್ದರು. ಅಕ್ಕನ ಕೆನ್ನೆಯ ಮೇಲಿನ ಸಣ್ಣ ಗೆರೆಗಳು ಕಾಣುವಷ್ಟು ಹತ್ತಿರ. ಅಳು ಅಲ್ಲಿ ಎಲ್ಲೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನಾನು ಕೇಳಿದಾಗ ನೀನೊಂದು ಹೂಂ ಅಂದಿದ್ರೆ ಸಾಕಿತ್ತು ಗಿಣಿ. ಕೆಲಸ ಹೋಗ್ತಿದ್ರೆ ಹೋಗ್ಲಿ. ಆ ಅಧ್ಯಕ್ಷೆ ಏನು ಬರಕೊಂಡ್ರೂ ಬರಕೊಳ್ಳಲಿ."

"ಅಲ್ಲಿ ಉತ್ತರ ಹೇಳೋ ಹಂಗಿಲ್ಲ ಅಕ್ಕ. ನಮ್ಮ ಕೆಲಸದಲ್ಲಿ..."

"ಹೇಳಿದೆಯಲ್ಲ," ಎಂದಳು ಅಕ್ಕ ಮೆತ್ತಗೆ. "ನೀನು ನಂಬೋದು ಬಿಡೋದು ವಿಷಯವೇ ಅಲ್ಲ ಅಂತ."

"ಅದು ನಾನಲ್ಲ, ಆಕೆ. ಆಕೆ ಹೇಳಿದ್ದನ್ನ ನಾನು..."

"ಗೊತ್ತು. ಆದ್ರೆ ಕೇಳಿದ್ದು ನಿನ್ನ ದನೀಲಿ." ಅಕ್ಕ ಮಡಚಿದ ಚಾದರವನ್ನು ಗುಡ್ಡದ ಮೇಲಿಟ್ಟು ಅಂಗೈಯಿಂದ ತಟ್ಟಿದಳು. "ತಾತನೂ ಆವತ್ತು ಹೊರಡೋವಾಗ ಒಂದ್ಸಲ ತಿರುಗಿ ನೋಡಿದ್ದ. ಮಳೆ ಬಂದು ನೆಲ ಜಾರ್ತಿತ್ತು. ಹೋಗ್ಲಾ ಬೇಡ್ವಾ ಅಂತ ಕಣ್ಣಲ್ಲೇ ಕೇ‍ಳ್ದ. ಹೋಗ್ಬಾ ಅಂದೆ. ನಾನು ಅನ್ನಬಾರದಿತ್ತೋ ಏನೋ. ಅದು ನನಗಿರಲಿ, ನಾನು ಹೊರ್ತೀನಿ. ಆದ್ರೆ ಅವನು ಕೇಳಿದಾಗ ಅಂದೆ."

ಇವಳ ಕೈಯಲ್ಲಿ ಹೊಸ ಚಾದರದ ತುದಿ ಇತ್ತು. ಯಾವಾಗ ಎತ್ತಿಕೊಂಡಳೋ ತಿಳಿಯದು. ಬಿಡಲು ಧೈರ್ಯ ಸಾಲದೆ ಹಾಗೇ ಹಿಡಿದು ನಿಂತಿದ್ದಳು. ಕಿಟಕಿಯಾಚೆ ದೀಪಗಳು ಒಂದೊಂದಾಗಿ ಹತ್ತುತ್ತಿದ್ದವು. ಮೇಲ್ವಿಚಾರಕರು ಇಷ್ಟು ಹೊತ್ತಿಗೆ ಫೋನು ನೋಡುತ್ತ ಕೂತಿರುತ್ತಾರೆ.

"ನಾಳೆ ನಾನೇ ಬರ್ತೀನಿ ಅಕ್ಕ," ಎಂದಳು. ದನಿ ಪಡಸಾಲೆಯ ಮೂಲೆಯಿಂದ ಬಂದಂತಿತ್ತು. "ಈ ಸಲ ತಂಗಿ ಅಂತ ಎಲ್ಲರೆದುರು ಹೇಳಿಯೇ ಕೂರ್ತೀನಿ. ನೀನು ಅಂದಿದ್ದನ್ನ ಅಂದ ಹಾಗೇ ಹೇಳ್ತೀನಿ. ನೀನು ಬರೀ ಹೂಂ ಅಂದ್ರೆ ಸಾಕು."

ಅಕ್ಕ ಚಾದರದ ಇನ್ನೊಂದು ತುದಿಯನ್ನು ಹಿಡಿಯಲಿಲ್ಲ.

"ಇಲ್ಲ ಗಿಣಿ," ಎಂದಳು. "ಅನ್ನಲ್ಲ. ಗುರುತಿಲ್ಲದೋರು ಯಾರಾದ್ರೂ ಬಂದು ಹೇಳಲಿ."